ಟಾರ್ಗೆಟ್ ಹೋದ ಮೇಲೆ ಕಲಿತ ಕೆಲಸ

1989ರಲ್ಲಿ ಉಪಕೇಂದ್ರಕ್ಕೆ ಸೇರಿದಾಗ ನನಗೆ 25 ವರ್ಷ. ಆರ್ಡರ್‌ನಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಅಂತಿತ್ತು, ಊರಿನವರ ಬಾಯಲ್ಲಿ ನರ್ಸಮ್ಮ. ಐದು ಹಳ್ಳಿ, ಒಂದು ಚೀಲ, ಒಂದು ದಪ್ಪ ರಿಜಿಸ್ಟರ್. ಮನೆಮನೆಗೆ ಹೋಗಿ ಗಂಡ ಹೆಂಡತಿ ಹೆಸರು, ಎಷ್ಟು ಮಕ್ಕಳು, ಕೊನೆ ಮಗುವಿಗೆ ಎಷ್ಟು ವಯಸ್ಸು ಅಂತ ಬರೆದುಕೊಳ್ಳಬೇಕು. ಉಪಕೇಂದ್ರದ ಗೋಡೆ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ, ಕೆಳಗೆ ‘ನಾವಿಬ್ಬರು ನಮಗಿಬ್ಬರು’.

ಮೊದಲ ವಾರವೇ ಒಬ್ಬರು ಅಜ್ಜ, “ಜೀಪ್ ಎಲ್ಲಿ ನಿಲ್ಸಿದೀಯಮ್ಮ?” ಅಂತ ಕೇಳಿದರು. ನನಗೆ ಅರ್ಥವಾಗಲಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಜೀಪಿನ ಸದ್ದು ಕೇಳಿದರೆ ಗಂಡಸರೆಲ್ಲ ಹೊಲಕ್ಕೆ ಓಡುತ್ತಿದ್ದರಂತೆ. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಜಾಸ್ತಿ ಸಂತಾನಹರಣ ಆಪರೇಷನ್ ಆಗಿದ್ದವು, ಮುಕ್ಕಾಲು ಪಾಲು ಗಂಡಸರಿಗೆ. ಎಷ್ಟೋ ಕಡೆ ಬಲವಂತದಿಂದ. ಸರ್ಕಾರ ಬದಲಾದ ಮೇಲೆ ಕುಟುಂಬ ಯೋಜನೆ ಅನ್ನುವ ಹೆಸರು ಕುಟುಂಬ ಕಲ್ಯಾಣ ಅಂತಾಯಿತು. ಹೆದರಿಕೆ ಮಾತ್ರ ಹಾಗೇ ಉಳಿಯಿತು. ಗಂಡಸರನ್ನು ಮಾತಾಡಿಸಲು ಯಾರಿಗೂ ಧೈರ್ಯ ಇಲ್ಲ, ಹಾಗಾಗಿ ಭಾರವೆಲ್ಲ ಹೆಂಗಸರ ಮೇಲೆ ಬಂತು.

ನಮಗೆ ಟಾರ್ಗೆಟ್ ಇತ್ತು. ವರ್ಷಕ್ಕೆ ಇಷ್ಟು ಆಪರೇಷನ್ ಕೇಸ್, ಇಷ್ಟು ವಂಕಿ. ಬಸಿರು ತಡೆಯಲು ಗರ್ಭಕೋಶದೊಳಗೆ ಇಡುವ ಕಾಪರ್-ಟಿಗೆ ನಮ್ಮ ಕಡೆ ವಂಕಿ ಅಂತಲೇ ಹೇಳೋದು. ಮಾರ್ಚ್ ಬಂತೆಂದರೆ ರಾತ್ರಿ ನಿದ್ದೆ ಇಲ್ಲ. ಮೀಟಿಂಗಿನಲ್ಲಿ ಎಲ್ಲರ ಎದುರು ಎಬ್ಬಿಸಿ ನಿಲ್ಲಿಸಿ ಬೈಯುತ್ತಿದ್ದರು.

ಒಂದು ಮಾರ್ಚ್‌ನಲ್ಲಿ ನನಗೆ ಇನ್ನೂ ಎರಡು ಕೇಸ್ ಬೇಕಿತ್ತು. 21 ವರ್ಷದ ಹುಡುಗಿ, ಇಬ್ಬರು ಮಕ್ಕಳು, ಚಿಕ್ಕದಕ್ಕೆ ಎಂಟು ತಿಂಗಳು. ಅತ್ತೆ ಹೂಂ ಅಂದರು, ಗಂಡ ಹೂಂ ಅಂದ. ಅವಳು ತಲೆ ತಗ್ಗಿಸಿ ಕೂತಿದ್ದಳು. ಅದನ್ನೇ ಒಪ್ಪಿಗೆ ಅಂದುಕೊಂಡು ಆಪರೇಷನ್ ಕ್ಯಾಂಪಿಗೆ ಕರೆದುಕೊಂಡು ಹೋದೆ. ಮಳೆಗಾಲದಲ್ಲಿ ಚಿಕ್ಕ ಮಗು ವಾಂತಿಭೇದಿಯಾಗಿ ತೀರಿಕೊಂಡಿತು. ಒಂದು ತಿಂಗಳು ಕಳೆದು ಅವಳು ಉಪಕೇಂದ್ರದ ಬಾಗಿಲಿಗೆ ಬಂದು ನಿಂತಳು. “ನರ್ಸಮ್ಮ, ಅದನ್ನ ಮತ್ತೆ ಬಿಚ್ಚೋಕಾಗುತ್ತಾ?” ಅಂದಳು.

ಮತ್ತೆ ಜೋಡಿಸುವ ಆಪರೇಷನ್ ಇದೆ. ಆದರೆ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಆದ ಮೇಲೂ ಬಸಿರು ನಿಲ್ಲುತ್ತೆ ಅಂತ ಗ್ಯಾರಂಟಿ ಇಲ್ಲ. ಹೇಳಿದೆ. ಅವಳ ಗಂಡ ಕರೆದುಕೊಂಡು ಹೋಗಲಿಲ್ಲ. ಆ ವರ್ಷ ನನ್ನ ಟಾರ್ಗೆಟ್ ಮುಗಿದಿತ್ತು.

1996ರ ಏಪ್ರಿಲ್‌ನಿಂದ ದೇಶದಲ್ಲೆಲ್ಲ ಟಾರ್ಗೆಟ್ ತೆಗೆದರು. ಬಾಯಿಮಾತಿನ ಒತ್ತಡ ಆಮೇಲೂ ಇದ್ದೇ ಇತ್ತು, ಆದರೂ ನನಗೆ ಉಸಿರಾಡಲು ಜಾಗ ಸಿಕ್ಕಿತು. ನಿಜವಾದ ಕೆಲಸ ನಾನು ಕಲಿತದ್ದು ಆಗಲೇ.

ವಂಕಿ ಅಂದರೆ ಹೆಂಗಸರಿಗೆ ಭಯ. ಹೊಟ್ಟೆಯಿಂದ ಎದೆಗೆ ಏರುತ್ತೆ, ಒಳಗೇ ಕೊಳೆಯುತ್ತೆ ಅಂತೆಲ್ಲ. ಬಾಯಲ್ಲಿ ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. ಅವಧಿ ಮುಗಿದ ಒಂದು ಪ್ಯಾಕೆಟ್ ಒಡೆದು ವಂಕಿಯನ್ನು ಚೀಲದಲ್ಲಿ ಇಟ್ಟುಕೊಂಡೆ. ಹೋದ ಮನೆಯಲ್ಲಿ ಅದನ್ನು ಅವರ ಅಂಗೈ ಮೇಲೆ ಇಡುತ್ತಿದ್ದೆ. ಕಡ್ಡಿಯಷ್ಟು ಸಣ್ಣ ಪ್ಲಾಸ್ಟಿಕ್, ಸುತ್ತಿದ ತಾಮ್ರದ ತಂತಿ, ತುದಿಯಲ್ಲಿ ಎರಡು ದಾರ. ಬಗ್ಗಿಸಿ ನೋಡುತ್ತಿದ್ದರು, ದಾರ ಎಳೆದು ನೋಡುತ್ತಿದ್ದರು. “ಇಷ್ಟೇನಾ?” ಅನ್ನುವ ಮಾತು ಬಂದರೆ ಅರ್ಧ ಭಯ ಹೋಯಿತು ಅಂತ ಲೆಕ್ಕ.

ಉಳಿದರ್ಧ ಹೋಗಿದ್ದು ಬೇರೆ ರೀತಿ. ವಂಕಿ ಹಾಕಿಸಿಕೊಂಡವಳು ತೆಗೆಯಿರಿ ಅಂತ ಬಂದರೆ ನಾವೆಲ್ಲ ಸಮಾಧಾನ ಹೇಳಿ ವಾಪಸ್ ಕಳಿಸುತ್ತಿದ್ದೆವು. ಅದನ್ನು ನಿಲ್ಲಿಸಿದೆ. ರಕ್ತಸ್ರಾವ ಜಾಸ್ತಿ ಅಂದಳಾ, ಇನ್ನೊಂದು ಮಗು ಬೇಕು ಅಂದಳಾ, ಸುಮ್ನೆ ಬೇಡ ಅಂದಳಾ, ವಾದ ಇಲ್ಲ, ಅವತ್ತೇ ತೆಗೆದೆ. ಒಬ್ಬಳಿಗೆ ತೆಗೆದ ಸುದ್ದಿ ಬಾವಿಕಟ್ಟೆಗೆ ಹೋಯಿತು. ಮುಂದಿನ ತಿಂಗಳು ಅದೇ ಕೇರಿಯಿಂದ ಮೂವರು ಹಾಕಿಸಿಕೊಳ್ಳಲು ಬಂದರು. ಕೇಳಿದರೆ ತೆಗೆಯುತ್ತಾಳೆ ಅನ್ನುವ ನಂಬಿಕೆ ಬಂದರೆ ಸಾಕು, ಹಾಕಿಸಿಕೊಳ್ಳುತ್ತಾರೆ. ಯಾವ ತರಬೇತಿಯಲ್ಲೂ ಇದನ್ನು ನನಗೆ ಹೇಳಿಕೊಟ್ಟಿರಲಿಲ್ಲ.

ಅತ್ತೆ ಎದುರು ಸೊಸೆಯನ್ನು ಕೇಳೋದನ್ನೂ ಬಿಟ್ಟೆ. ಮಗುವಿನ ಲಸಿಕೆ ದಿನ ಅವಳು ಒಬ್ಬಳೇ ಸಿಗುತ್ತಾಳೆ, ಆಗ ಮಾತು. ಮಾಲಾ-ಎನ್ ಕೊಡುವಾಗ ಸ್ಟ್ರಿಪ್ ಎದುರಿಗಿಟ್ಟು ಬೆರಳಲ್ಲಿ ಎಣಿಸಿ ತೋರಿಸುತ್ತಿದ್ದೆ: ಈ 21 ಮಾತ್ರೆ ಬಸಿರು ತಡೆಯೋದು, ಕೊನೆಯ 7 ಕಬ್ಬಿಣದ್ದು. ಮುಟ್ಟು ಬಂತು ಅಂತ ಮಧ್ಯೆ ಬಿಡುವವರೇ ಹೆಚ್ಚು. 2017ರ ಸುಮಾರಿಗೆ ಬಸಿರು ತಡೆಯುವ ‘ಅಂತರ’ ಇಂಜೆಕ್ಷನ್ ಬಂತು, ಮೂರು ತಿಂಗಳಿಗೊಂದು. ಮನೆಯಲ್ಲಿ ಮಾತ್ರೆ ಬಚ್ಚಿಡುವ ಕಷ್ಟ ಇಲ್ಲ ಅಂತ ಕೆಲವರು ಅದನ್ನೇ ಕೇಳಿದರು. ಡೇಟ್ ಮಾತ್ರ ನಾನೇ ನೆನಪಿಟ್ಟು ಫೋನ್ ಮಾಡಬೇಕಿತ್ತು.

ಗಂಡಸರ ವಿಷಯದಲ್ಲಿ ನಾನು ಸೋತೆ. ಈಗ ಗಂಡಸರ ಆಪರೇಷನ್‌ಗೆ ಕೊಯ್ಯೋದೇ ಇಲ್ಲ, ಹೊಲಿಗೆ ಇಲ್ಲ, ಅವತ್ತೇ ಮನೆಗೆ ಬರಬಹುದು. ಮೂರು ತಿಂಗಳು ನಿರೋಧ್ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಬೇಕು, ಅಷ್ಟೇ. “ಶಕ್ತಿ ಹೋಗುತ್ತೆ, ಮೂಟೆ ಎತ್ತೋಕಾಗಲ್ಲ” ಅನ್ನುವ ಮಾತೊಂದೇ ಎಲ್ಲ ಕಡೆ. 35 ವರ್ಷದಲ್ಲಿ ನನ್ನ ರಿಜಿಸ್ಟರ್‌ನಲ್ಲಿ ಏಳು ಜನ ಗಂಡಸರು. ಇಡೀ ದೇಶದ ಲೆಕ್ಕವೂ ಇದಕ್ಕಿಂತ ಚೆನ್ನಾಗಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಮದುವೆಯಾದ ನೂರು ಹೆಂಗಸರಲ್ಲಿ ಸುಮಾರು 38 ಜನ ಆಪರೇಷನ್ ಮಾಡಿಸಿಕೊಂಡವರು. ಗಂಡನೇ ಮಾಡಿಸಿಕೊಂಡದ್ದು ಸಾವಿರಕ್ಕೆ ಮೂರು. 2014ರಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದ ಕ್ಯಾಂಪಿನಲ್ಲಿ ಆಪರೇಷನ್ ಆದ ಹೆಂಗಸರು ಸತ್ತರಲ್ಲ, ಆ ಸುದ್ದಿ ಓದಿದ ದಿನ ನಾನು ಕರೆದುಕೊಂಡು ಹೋದವರ ಮುಖವೆಲ್ಲ ಕಣ್ಣ ಮುಂದೆ ಬಂತು.

ಎರಡೇ ಮಕ್ಕಳು ಅಂತ ಕಾನೂನು ತರಬೇಕು ಅಂತ ಈಗಲೂ ಯಾರಾದರೂ ಹೇಳುತ್ತಾರೆ. ಕೇಳಿದರೆ ಬೇಸರವಾಗುತ್ತದೆ. 1992–93ರಲ್ಲಿ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಮೂರರ ಹತ್ತಿರ ಮಕ್ಕಳು. 2019–21ರ ಹೊತ್ತಿಗೆ 1.7. ಅಂಥ ಕಾನೂನಿಲ್ಲದೆಯೇ ಇಳಿಯಿತು. ಹೆಣ್ಣುಮಕ್ಕಳು ಓದಿದರು, ಮದುವೆ ಸ್ವಲ್ಪ ತಡವಾಯಿತು, ಹುಟ್ಟಿದ ಮಗು ಉಳಿಯುತ್ತೆ ಅನ್ನುವ ಧೈರ್ಯ ಬಂತು. ದೇಶದ ಒಟ್ಟು ಜನ ಇನ್ನೂ ಏರುತ್ತಿರೋದು ಮನೆಮನೆಯಲ್ಲಿ ಜಾಸ್ತಿ ಹೆರುತ್ತಾರೆ ಅಂತಲ್ಲ. ಹಿಂದೆ ಹುಟ್ಟಿದ ದೊಡ್ಡ ಪೀಳಿಗೆ ಈಗ ಮದುವೆ ವಯಸ್ಸಿನಲ್ಲಿದೆ, ಅದಕ್ಕೆ.

ಕ್ಯಾಂಪಿಗೆ ಕರೆದುಕೊಂಡು ಹೋಗಿದ್ದ ಆ ಹುಡುಗಿಗೆ ಉಳಿದಿದ್ದು ದೊಡ್ಡ ಮಗಳು ಒಬ್ಬಳೇ. ಆ ಮಗಳು ಡಿಗ್ರಿ ಮಾಡಿ, ಮದುವೆಯಾಗಿ, ಮೊದಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಎರಡನೇದು ಸದ್ಯಕ್ಕೆ ಬೇಡ ಅಂತ ಅವಳೇ ಬಂದು ಕೇಳಿದಳು. ಜೊತೆಗೆ ತಾಯಿಯೂ ಬಂದಿದ್ದಳು, ಕೂದಲು ನರೆತಿತ್ತು. ನಾನು ಚೀಲದಿಂದ ವಂಕಿ ತೆಗೆದು ಮಗಳ ಕೈಗೆ ಕೊಟ್ಟೆ. ತಾಯಿ ಅದನ್ನು ಇಸಿದುಕೊಂಡು ದಾರವನ್ನು ಎರಡು ಸಲ ಎಳೆದು ನೋಡಿದಳು.

“ಇದನ್ನ ತೆಗೀಬಹುದಲ್ವಾ?”

“ಯಾವತ್ತು ಬಂದರೂ ತೆಗೀತೀನಮ್ಮ” ಅಂದೆ. ಅವಳು ಅದನ್ನು ಮಗಳ ಅಂಗೈಗೆ ವಾಪಸ್ ಇಟ್ಟು, ಮಗು ಎತ್ತಿಕೊಂಡು ಹೊರಗೆ ಹೋಗಿ ಕೂತಳು.