ಉಬುಂಟುಗೆ ಮೊಜಿಲ್ಲಾ ರೆಪಾಸಿಟರಿ ಸೇರಿಸುವುದು ಹೇಗೆ?

22.04 ಆವೃತ್ತಿಯಿಂದೀಚೆಗೆ ಉಬುಂಟುನಲ್ಲಿ ಫೈರ್‌ಫಾಕ್ಸ್ ಬ್ರೌಸರ್ ಸಿಗುವುದು ಸ್ನ್ಯಾಪ್ ರೂಪದಲ್ಲಿ, ಅಂದರೆ ಉಬುಂಟುವಿನದೇ ಹೊಸ ಬಗೆಯ ಪ್ಯಾಕೇಜಾಗಿ. ಹಳೆಯ ಬಗೆಯ ಡೆಬ್ ಪ್ಯಾಕೇಜೇ ಬೇಕು ಅನ್ನುವವರಿಗಾಗಿ ಮೊಜಿಲ್ಲಾ ತನ್ನದೇ ರೆಪಾಸಿಟರಿ (ಪ್ಯಾಕೇಜುಗಳ ಭಂಡಾರ) ಇಟ್ಟಿದೆ. ಅದನ್ನು ಸೇರಿಸಿಯೂ ಮತ್ತೆ ಸ್ನ್ಯಾಪೇ ಬಂತು ಎಂದು ಬೇಸತ್ತು ಕೈಬಿಟ್ಟವರನ್ನು ತುಂಬಾ ನೋಡಿದ್ದೇನೆ. ಅವರೆಲ್ಲ ಎಡವುವುದು ಮೂರನೇ ಹಂತದಲ್ಲಿ. (ಲಿನಕ್ಸ್ ಮಿಂಟ್ ಬಳಸುವವರಿಗೆ ಇದರ ಗೊಡವೆ ಬೇಡ, ಅಲ್ಲಿ ಡೆಬ್ಬೇ ಇದೆ.)

1. ಮೊದಲು ಕೀ, ಅಂದರೆ ಮೊಜಿಲ್ಲಾದ ಸಹಿಯನ್ನು ಪರೀಕ್ಷಿಸುವ ಫೈಲ್. ಪ್ಯಾಕೇಜು ನಿಜಕ್ಕೂ ಮೊಜಿಲ್ಲಾದ್ದೇ ಎಂದು ಆಪ್ಟ್ (ಡೆಬ್ ಪ್ಯಾಕೇಜು ಹಾಕುವ ಪ್ರೋಗ್ರಾಂ) ನೋಡುವುದು ಇದರಿಂದಲೇ. ಮೊಜಿಲ್ಲಾದ ಸಪೋರ್ಟ್ ಪುಟದಿಂದ ಇಳಿಸಿಕೊಂಡು ‘ಇಟಿಸಿ/ಆಪ್ಟ್/ಕೀರಿಂಗ್ಸ್’ ಫೋಲ್ಡರ್‌ಗೆ ಹಾಕಿ. ಹೆಸರಿನ ಕೊನೆಯಲ್ಲಿರುವ ‘ಜಿಪಿಜಿ’ಯನ್ನು ‘ಎಎಸ್‌ಸಿ’ ಎಂದು ಬದಲಿಸಿ, ಯಾಕೆಂದರೆ ಒಳಗಿರುವುದು ಪಠ್ಯ ರೂಪದ ಕೀ. ಫಿಂಗರ್‌ಪ್ರಿಂಟ್‌ನ (ಕೀಯ ಗುರುತಿನ ಸಂಕೇತದ) 40 ಅಕ್ಷರಗಳನ್ನೂ ಆ ಪುಟದ ಜೊತೆ ತಾಳೆ ನೋಡಿ. ಹಳೆಯ ಲೇಖನಗಳು ಹೇಳುವ ‘ಆಪ್ಟ್-ಕೀ’ ಖಂಡಿತ ಬೇಡ. ಹಾಗೆ ಹಾಕಿದ ಕೀಯನ್ನು ಆಪ್ಟ್ ಎಲ್ಲ ರೆಪಾಸಿಟರಿಗೂ ಒಪ್ಪಿಕೊಂಡುಬಿಡುತ್ತದೆ. ಎಲ್ಲವನ್ನೂ ಒಂದೇ ಸಾಲಿನಲ್ಲಿ ಮುಗಿಸುವ, ಸುಡೊ (ಅಡ್ಮಿನ್ ಅಧಿಕಾರ) ಕೇಳುವ ಸ್ಕ್ರಿಪ್ಟ್‌ಗಳನ್ನಂತೂ ಓದದೆ ಓಡಿಸಬೇಡಿ.

2. ‘ಸೋರ್ಸಸ್.ಲಿಸ್ಟ್.ಡಿ’ ಫೋಲ್ಡರ್‌ನಲ್ಲಿ ಹೊಸ ಫೈಲ್ ಮಾಡಿ, ಅದೇ ಪುಟದಲ್ಲಿರುವ ರೆಪಾಸಿಟರಿ ಸಾಲನ್ನು ಹಾಕಿ. ಆ ಸಾಲಿನಲ್ಲಿರುವ ‘ಸೈನ್ಡ್-ಬೈ’ ನಿಮ್ಮ ಕೀ ಫೈಲನ್ನೇ ತೋರಿಸುತ್ತಿರಬೇಕು.

3. ಈಗ ಪಿನ್, ಅಂದರೆ ಯಾವ ರೆಪಾಸಿಟರಿಗೆ ಆದ್ಯತೆ ಎಂದು ಆಪ್ಟ್‌ಗೆ ಹೇಳುವುದು. ಆಪ್ಟ್‌ಗೆ ಫೈರ್‌ಫಾಕ್ಸ್ ಹೆಸರಿನ ಎರಡು ಪ್ಯಾಕೇಜು ಕಾಣುತ್ತಿವೆ. ಎರಡಕ್ಕೂ ಪ್ರಯಾರಿಟಿ 500. ಸಮ ಇದ್ದಾಗ ಆಪ್ಟ್ ಆರಿಸುವುದು ದೊಡ್ಡ ವರ್ಷನ್ನನ್ನು. ಉಬುಂಟುವಿನದು ಬರೀ ಖಾಲಿ ಡಬ್ಬಿ, ಸ್ನ್ಯಾಪ್ ಹಾಕಿಸುವುದಷ್ಟೇ ಅದರ ಕೆಲಸ. ಆದರೆ ಅದರ ವರ್ಷನ್ ‘1:’ ಎಂದು ಶುರುವಾಗುತ್ತದೆ. ಕೋಲನ್‌ಗೆ ಮುಂಚಿನ ಆ 1 ಇಪಾಕ್. ಮೊಜಿಲ್ಲಾದ ವರ್ಷನ್ ನೂರು ದಾಟಿದ್ದರೂ ಇಪಾಕ್ ಇಲ್ಲ, ಅಂದರೆ ಸೊನ್ನೆ. ಹೋಲಿಸುವಾಗ ಮೊದಲು ಲೆಕ್ಕಕ್ಕೆ ಬರುವುದು ಇಪಾಕ್, ಹಾಗಾಗಿ ಗೆಲ್ಲುವುದು ಖಾಲಿ ಡಬ್ಬಿಯೇ.

ಇದನ್ನು ತಪ್ಪಿಸಲು ‘ಪ್ರಿಫರೆನ್ಸಸ್.ಡಿ’ಯಲ್ಲಿ ‘ಮೊಜಿಲ್ಲಾ’ ಎಂಬ ಫೈಲ್ ಮಾಡಿ. ಮೂರೇ ಸಾಲು: ಪ್ಯಾಕೇಜ್ ಜಾಗದಲ್ಲಿ ನಕ್ಷತ್ರ ಚಿಹ್ನೆ, ಪಿನ್ ಜಾಗದಲ್ಲಿ ‘ಒರಿಜಿನ್’ ಮತ್ತು (ರೆಪಾಸಿಟರಿ ಸಾಲಿನಲ್ಲಿರುವ) ಸರ್ವರ್ ಹೆಸರು, ಪಿನ್-ಪ್ರಯಾರಿಟಿ 1000. ಸರ್ವರ್ ಹೆಸರಿಗೆ ‘ಎಚ್‌ಟಿಟಿಪಿಎಸ್’ ಅಂಟಿಸಿದರೆ ಪಿನ್ ಹಿಡಿಯುವುದಿಲ್ಲ. 1000ಕ್ಕಿಂತ ಕಡಿಮೆ ಕೊಟ್ಟರೂ ಆಗದು. ಡಬ್ಬಿ ಈಗಾಗಲೇ ಕೂತಿದೆ ಅಲ್ವಾ, ಅದರಿಂದ ಚಿಕ್ಕ ನಂಬರಿಗೆ ಇಳಿಯಲು ಆಪ್ಟ್ ಒಪ್ಪುವುದಿಲ್ಲ.

4. ‘ಸುಡೊ ಆಪ್ಟ್ ಅಪ್‌ಡೇಟ್’ ಕೊಟ್ಟು, ‘ಆಪ್ಟ್ ಪಾಲಿಸಿ ಫೈರ್‌ಫಾಕ್ಸ್’ ಕೊಡಿ. ಕ್ಯಾಂಡಿಡೇಟ್ (ಆಪ್ಟ್ ಹಾಕಲಿರುವ ವರ್ಷನ್) ಸಾಲಿನಲ್ಲಿ ‘ಸ್ನ್ಯಾಪ್’ ಎಂದು ಕಂಡರೆ ಮುಂದೆ ಹೋಗಬೇಡಿ, ಪಿನ್ ಫೈಲಿನ ಒಂದೊಂದು ಅಕ್ಷರವನ್ನೂ ನೋಡಿ.

5. ಬುಕ್‌ಮಾರ್ಕ್, ಪಾಸ್‌ವರ್ಡ್ ಮೊದಲು ಎತ್ತಿಟ್ಟುಕೊಳ್ಳಿ. ಆಮೇಲೆ ಸ್ನ್ಯಾಪ್ ತೆಗೆದು ಡೆಬ್ ಹಾಕಿ. ಕನ್ನಡದ ಮೆನು ಬೇಕಿದ್ದರೆ ಕನ್ನಡ ಭಾಷಾ ಪ್ಯಾಕ್ ಕೂಡ ಅದೇ ರೆಪಾಸಿಟರಿಯಲ್ಲಿದೆ.

ಮುಂದೆ ಉಬುಂಟುವನ್ನೇ ಹೊಸ ಆವೃತ್ತಿಗೆ ಏರಿಸಿದಾಗ ಹೊರಗಿನ ರೆಪಾಸಿಟರಿಗಳು ಆಫ್ ಆಗುತ್ತವೆ. ‘ಸಾಫ್ಟ್‌ವೇರ್ ಅಂಡ್ ಅಪ್‌ಡೇಟ್ಸ್’ ತೆರೆದು, ‘ಅದರ್ ಸಾಫ್ಟ್‌ವೇರ್’ ಟ್ಯಾಬಿನಲ್ಲಿ ಮತ್ತೆ ಟಿಕ್ ಹಾಕಿ.