ಹೀಟರ್‌ಗೆ ಮೊದಲು ಸಂದು ಮುಚ್ಚಿ

2000 ವಾಟ್‌ನ ರೂಮ್ ಹೀಟರ್ ಬಿಡುವಿಲ್ಲದೆ ಉರಿದರೆ ಗಂಟೆಗೆ 2 ಯುನಿಟ್. ದಿನಕ್ಕೆ 3 ಗಂಟೆಯಂತೆ ತಿಂಗಳಿಡೀ ಹಾಕಿದರೆ 180 ಯುನಿಟ್. ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯುನಿಟ್ ದಾಟಿತೆಂದರೆ ಪೂರ್ತಿ ಬಿಲ್ಲು ನಮ್ಮ ತಲೆಯ ಮೇಲೆಯೇ. ಫ್ರಿಜ್ಜು, ಟಿವಿ, ಮಿಕ್ಸಿ ಇರುವ ಮನೆಯನ್ನು ಆ ಗೆರೆ ದಾಟಿಸಲು ಇದೊಂದೇ ಸಾಕು. ಇಷ್ಟು ಸುರಿದ ಮೇಲೂ ಕೋಣೆ ಬೆಚ್ಚಗಾಗಲಿಲ್ಲ ಎಂದು ಗೊಣಗುವವರೇ ಹೆಚ್ಚು. ಆಗುವುದಾದರೂ ಹೇಗೆ? ಮೂರಡಿ ಅಗಲದ ಬಾಗಿಲ ಕೆಳಗೆ ಅರ್ಧ ಇಂಚು ಸಂದಿದ್ದರೆ ಅದು 18 ಚದರ ಇಂಚಿನ ತೂತು. ನಾಲ್ಕಿಂಚಿನ ಪೈಪಿನ ಬಾಯಿಯೇ ಹನ್ನೆರಡೂವರೆ ಚದರ ಇಂಚು. ಗೋಡೆಗೆ ಅಂಥ ಪೈಪು ಇಟ್ಟು ಹೀಟರ್ ಹಾಕುವವರು ಯಾರೂ ಇಲ್ಲ, ಬಾಗಿಲ ಕೆಳಗಿನ ಸಂದನ್ನು ಮಾತ್ರ ಯಾರೂ ನೋಡುವುದಿಲ್ಲ.

ನಮ್ಮ ಮನೆಗಳನ್ನು ಕಟ್ಟಿರುವುದೇ ಸೆಕೆ ಹೊರಹೋಗಲಿ, ಗಾಳಿ ಆಡಲಿ ಎಂದು. ಏಪ್ರಿಲ್‌ಗೆ ಅದು ಸರಿ. ಡಿಸೆಂಬರ್, ಜನವರಿಯ ರಾತ್ರಿ ಬೆಂಗಳೂರಿನಲ್ಲಿ 15 ಡಿಗ್ರಿಯ ಆಸುಪಾಸಿಗೆ ಬಂದಾಗ, ಮಡಿಕೇರಿ, ಬೀದರ್ ಕಡೆ ಇನ್ನೂ ಕೆಳಗಿಳಿದಾಗ, ಅದೇ ಏರ್ಪಾಡು ನಮಗೆ ತಿರುಗಿ ಬೀಳುತ್ತದೆ. ಒಂದು ಸಮಾಧಾನವಿದೆ: ನಮ್ಮದು ಹಿಮದ ನಾಡಲ್ಲ. ಒಳಗಿನ ಶಾಖಕ್ಕೂ ಹೊರಗಿನ ಶಾಖಕ್ಕೂ ಐದಾರು ಡಿಗ್ರಿ ಅಂತರ ಉಳಿಸಿಕೊಂಡರೆ ಸಾಕು. ಮಲಗಿರುವ ಒಬ್ಬ ಮನುಷ್ಯನ ಮೈ ಸುಮಾರು 70 ವಾಟ್ ಶಾಖ ಬಿಡುತ್ತಲೇ ಇರುತ್ತದೆ. ಗಾಳಿ ನುಗ್ಗದ ಹತ್ತಡಿ-ಹನ್ನೆರಡಡಿ ಕೋಣೆಯಲ್ಲಿ ಇಬ್ಬರು ಮಲಗಿದರೆ ಅದೇ ಗಣನೀಯ.

ಬಿಸಿಲು ಮತ್ತು ಪರದೆ

ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ದಕ್ಷಿಣದ ಕಿಟಕಿಯೊಳಗೆ ನಡುಹಗಲಲ್ಲೂ ಬಿಸಿಲು ಬರುತ್ತದೆ. ಬೆಳಿಗ್ಗೆ 9ರಿಂದ ಆ ಕಿಟಕಿಯ ಪರದೆ ಪೂರ್ತಿ ಸರಿಸಿ, ಸಂಜೆ ನಾಲ್ಕೂವರೆಗೆ ಕಿಟಕಿ, ಪರದೆ ಎರಡನ್ನೂ ಮುಚ್ಚಿ. ಸೊಳ್ಳೆ ಬರುವ ಹೊತ್ತಿಗೆ ಮುಚ್ಚಿದರಾಯಿತು ಎನ್ನುವವರು ಒಂದು ಗಂಟೆ ತಡ ಮಾಡಿರುತ್ತಾರೆ. ಪರದೆ ದಪ್ಪಗಿರಲಿ, ನೆಲ ಮುಟ್ಟಲಿ, ಎರಡೂ ಪಕ್ಕ ಗೋಡೆಯ ಮೇಲೆ ಒಂದು ಗೇಣು ಹಾಯಲಿ. ಕಿಟಕಿಯ ಅಳತೆಗೇ ಹೊಲಿಸಿದ ಪರದೆ ಅಲಂಕಾರಕ್ಕೆ ಮಾತ್ರ.

ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಒಣಗಿಸಬೇಡಿ. ಒಂದು ಲೀಟರ್ ನೀರು ಆವಿಯಾಗಲು ಮುಕ್ಕಾಲು ಯುನಿಟ್‌ಗೆ ಹತ್ತಿರದಷ್ಟು ಶಾಖ ಬೇಕು, ಅದನ್ನು ಕೋಣೆಯಿಂದಲೇ ಹೀರಿಕೊಳ್ಳುತ್ತದೆ. ಮಲೆನಾಡಿನಲ್ಲಿ ಇದರ ಜೊತೆಗೆ ಗೋಡೆಗೆ ಬೂಷ್ಟು ಬೇರೆ.

ಸಂದು ಹುಡುಕುವುದು

ಗಾಳಿ ಬೀಸುವ ಒಂದು ಸಂಜೆ ಎಲ್ಲ ಬಾಗಿಲು ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಊದುಬತ್ತಿ ಹಚ್ಚಿ. ಪರದೆಗಳನ್ನು ಮೊದಲೇ ಎತ್ತಿ ಕಟ್ಟಿರಬೇಕು. ಬತ್ತಿಯನ್ನು ಚೌಕಟ್ಟಿನ ಅಂಚಿನಿಂದ ಎರಡು ಬೆರಳು ದೂರ ಹಿಡಿದು ನಿಧಾನವಾಗಿ ಸುತ್ತ ಒಯ್ಯಿರಿ. ಹೊಗೆ ನೇರ ಏರುತ್ತಿದ್ದರೆ ಮುಂದೆ ಹೋಗಿ, ಅಡ್ಡ ಹಾರಿದರೆ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಏಸಿ ಪೈಪಿನ ತೂತು, ಕೇಬಲ್ ಬಂದಿರುವ ಮೂಲೆ, ಚೌಕಟ್ಟಿಗೂ ಗೋಡೆಗೂ ನಡುವೆ ಬಿಟ್ಟ ಬಿರುಕನ್ನು ಮರೆಯಬೇಡಿ. ಗೋಡೆಯ ಬಿರುಕಿಗೆ ಪುಟ್ಟಿ, ಏಸಿ ತೂತಿಗೆ ಏಸಿ ಮೆಕ್ಯಾನಿಕ್‌ಗಳು ಬಳಸುವ ಮೆತ್ತನೆಯ ಸೀಲಿಂಗ್ ಕ್ಲೇ ತುಂಬಿದರೆ ಅವು ಮುಗಿದಂತೆ. ಬಾಗಿಲು ಕಿಟಕಿಗಳು ಅಷ್ಟು ಸುಲಭವಲ್ಲ.

ಬಾಗಿಲು: ಎಲ್ಲರೂ ಎಡವುವ ಜಾಗ

ಹೆಚ್ಚಿನವರು ಮಾಡುವುದೇನೆಂದರೆ, ಅಳತೆ ನೋಡದೆ ಅಂಗಡಿಯಲ್ಲಿ ಸಿಕ್ಕ ಸ್ಪಾಂಜ್ ಪಟ್ಟಿ ತಂದು ಬಾಗಿಲ ಸುತ್ತ ಅಂಟಿಸಿಬಿಡುತ್ತಾರೆ. ವಾರದಲ್ಲಿ ಚಿಲಕ ಬೀಳುವುದಿಲ್ಲ. ಭುಜ ಕೊಟ್ಟು ನೂಕಿ ಹಾಕುತ್ತಾರೆ. ಆ ನೂಕಾಟಕ್ಕೆ ಕೀಲುಗಳ ಸ್ಕ್ರೂ ಸಡಿಲಾಗಿ ಬಾಗಿಲು ಜೋಲುತ್ತದೆ, ಮೇಲಿನ ಮೂಲೆಯಲ್ಲಿ ಮೊದಲಿಗಿಂತ ದೊಡ್ಡ ಸಂದು ತೆರೆದುಕೊಳ್ಳುತ್ತದೆ. ಆದ್ದರಿಂದ ಪಟ್ಟಿ ತರುವ ಮೊದಲು ಕೀಲುಗಳ ಸ್ಕ್ರೂ ಬಿಗಿ ಮಾಡಿ, ಆಮೇಲೆ ಸಂದಿನ ಅಳತೆ ತೆಗೆಯಿರಿ.

ಅಳತೆಗೆ ಚಪಾತಿ ಹಿಟ್ಟು ಸಾಕು. ನೆಲ್ಲಿಕಾಯಿ ಗಾತ್ರದ ಉಂಡೆಯನ್ನು ತೆಳು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಬಾಗಿಲು ಹೋಗಿ ಕೂರುವ ಚೌಕಟ್ಟಿನ ಕಚ್ಚಿನಲ್ಲಿಟ್ಟು ಬಾಗಿಲು ಹಾಕಿ ಚಿಲಕ ಜಡಿಯಿರಿ. ತೆರೆದರೆ ಹಿಟ್ಟು ಚಪ್ಪಟೆಯಾಗಿರುತ್ತದೆ. ಅದರ ದಪ್ಪವೇ ಸಂದು. ಚಿಲಕದ ಬದಿಯಲ್ಲಿ ಮೂರು ಕಡೆ, ಮೇಲೆ ಎರಡು ಕಡೆ, ಕೀಲಿನ ಬದಿಯಲ್ಲಿ ಎರಡು ಕಡೆ ಹೀಗೆ ನೋಡಿ. ಮರ ಒಂದೇ ಸಮ ಇರುವುದಿಲ್ಲ: ಮೇಲೆ 2 ಮಿಲಿಮೀಟರ್ ಇದ್ದದ್ದು ಕೆಳಗೆ 5 ಇರಬಹುದು. ಆಗ ಎರಡು ಅಳತೆಯ ಪಟ್ಟಿ ಬೇಕು.

ಪಟ್ಟಿ ಕೊಳ್ಳುವಾಗ ಇಪಿಡಿಎಂ ರಬ್ಬರಿನದನ್ನೇ ಕೇಳಿ. ಅಡ್ಡಕ್ಕೆ ಕತ್ತರಿಸಿದರೆ ಕಾಣುವ ಇಂಗ್ಲಿಷ್ ಅಕ್ಷರದ ಆಕಾರವೇ ಅದರ ಹೆಸರು. 2-3 ಮಿಲಿಮೀಟರ್ ಸಂದಿಗೆ 'ಇ', 3-5ಕ್ಕೆ 'ಪಿ', ಅದಕ್ಕೂ ಹೆಚ್ಚಿದ್ದರೆ ನಡುವೆ ಪೊಳ್ಳಿರುವ 'ಡಿ'. ಬೂದು ಬಣ್ಣದ ಸ್ಪಾಂಜ್ ಅಗ್ಗವೇನೋ ಹೌದು, ಆದರೆ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಪುಡಿಪುಡಿಯಾಗಿ ಉದುರುತ್ತದೆ, ಅದರ ಅಂಟು ಮಾತ್ರ ಮರಕ್ಕೇ ಉಳಿಯುತ್ತದೆ. ಅದನ್ನು ಬಿಟ್ಟುಬಿಡಿ. ಮಲೆನಾಡು, ಕರಾವಳಿಯವರಿಗೆ ಇನ್ನೊಂದು ಮಾತು: ಮರ ಮಳೆಗಾಲದಲ್ಲಿ ಉಬ್ಬುತ್ತದೆ. ಜನವರಿಯಲ್ಲಿ ಬಿಗಿಯಾಗಿ ಕೂರಿಸಿದ ಪಟ್ಟಿ ಜುಲೈನಲ್ಲಿ ಬಾಗಿಲನ್ನು ಹಿಡಿದುಕೊಳ್ಳುತ್ತದೆ. ಅಲ್ಲಿ ಅಳತೆಗಿಂತ ಒಂದು ಮೆಟ್ಟಿಲು ತೆಳ್ಳಗಿನದೇ ಇರಲಿ.

ಅಂಟಿಸುವ ಜಾಗವನ್ನು ಸ್ಯಾಂಡ್ ಪೇಪರಿನಿಂದ ಹಗುರಾಗಿ ಉಜ್ಜಿ, ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಎಣ್ಣೆ, ಪಾಲಿಷ್, ಧೂಳು ಯಾವುದಿದ್ದರೂ ಅಂಟು ಹಿಡಿಯುವುದಿಲ್ಲ. ಚಿಲಕದ ಬದಿಯಲ್ಲೂ ಮೇಲ್ಗಡೆಯೂ ಬಾಗಿಲು ಬಂದು ಒತ್ತುವ ಮುಖಕ್ಕೆ ಅಂಟಿಸಿ. ಕೀಲಿನ ಬದಿಯಲ್ಲಿ ಹಾಗಲ್ಲ: ಅಲ್ಲಿ ಬಾಗಿಲ ದಪ್ಪದ ಅಂಚು ಚೌಕಟ್ಟಿಗೆ ಎದುರಾಗುವ ಕಡೆ ಬರಬೇಕು. ಅಲ್ಲಿಯೂ ಮಿಕ್ಕ ಕಡೆಯಂತೆಯೇ ಅಂಟಿಸಿದರೆ ಬಾಗಿಲು ಪಟ್ಟಿಯನ್ನು ಒತ್ತುವ ಬದಲು ಉಜ್ಜುತ್ತಾ ಹೋಗಿ ಕಿತ್ತುಹಾಕುತ್ತದೆ. ಹಿಂದಿನ ಕಾಗದವನ್ನು ಒಂದೊಂದು ಅಡಿ ಮಾತ್ರ ಬಿಡಿಸುತ್ತಾ ಹೆಬ್ಬೆರಳಿನಿಂದ ಒತ್ತುತ್ತಾ ಬನ್ನಿ. ಎಳೆಯಬೇಡಿ. ಎಳೆದು ಅಂಟಿಸಿದ ರಬ್ಬರು ಎರಡು ದಿನದಲ್ಲಿ ತನ್ನ ಉದ್ದಕ್ಕೆ ಮರಳಿ ಮೂಲೆಯಲ್ಲಿ ಅರ್ಧ ಇಂಚು ಖಾಲಿ ಬಿಡುತ್ತದೆ. ಮೂಲೆಯಲ್ಲಿ ಬಗ್ಗಿಸಿ ತಿರುಗಿಸುವುದೂ ಬೇಡ, ಕತ್ತರಿಸಿ ಮುಖಾಮುಖಿ ಕೂರಿಸಿ.

ಆಮೇಲೆ ಒಂದು ಕಾಗದದ ಚೂರನ್ನು ಸಂದಿನಲ್ಲಿಟ್ಟು ಬಾಗಿಲು ಹಾಕಿ ಎಳೆದು ನೋಡಿ. ಸ್ವಲ್ಪ ಬಿಗಿಯಾಗಿ ಬಂದರೆ ಸರಿ, ಸಲೀಸಾಗಿ ಬಂದರೆ ತೆಳುವಾಯಿತು, ಹರಿದರೆ ದಪ್ಪವಾಯಿತು.

ಬಾಗಿಲ ಕೆಳಗಿನ ಸಂದಿಗೆ ಮಾರುಕಟ್ಟೆಯಲ್ಲಿ ಮೂರು ಬಗೆಯಿದೆ. ಬಟ್ಟೆಯ ಹೊದಿಕೆಯೊಳಗೆ ಎರಡು ಫೋಮ್ ಕೊಳವೆಗಳಿದ್ದು ಬಾಗಿಲ ಅಡಿಗೆ ತೂರಿಸುವಂಥದ್ದು ಬಾಡಿಗೆ ಮನೆಗೆ ಪರವಾಗಿಲ್ಲ, ನೆಲ ಸಪಾಟಾಗಿದ್ದರೆ ಮಾತ್ರ. ಅಂಟಿಸುವ ಪಾರದರ್ಶಕ ಸಿಲಿಕಾನ್ ಪಟ್ಟಿಗೆ ದುಡ್ಡು ಹಾಕಲೇಬೇಡಿ: ನೆಲ ಒರೆಸುವ ನೀರು ತಾಗಿ ಅಂಟು ಬಿಡುತ್ತದೆ, ಕೀಳುವಾಗ ಬಣ್ಣವೂ ಜೊತೆಗೆ ಬರುತ್ತದೆ. ಸ್ವಂತ ಮನೆಯಾದರೆ ಅಲ್ಯುಮಿನಿಯಂ ಪಟ್ಟಿಗೆ ಬ್ರಷ್ ಕೂರಿಸಿರುವ, ಸ್ಕ್ರೂ ಹಾಕುವಂಥದ್ದೇ ಸೈ. ಬಾಗಿಲು ತೆರೆಯುವ ದಾರಿಯಲ್ಲಿ ನೆಲ ಎಲ್ಲಾದರೂ ಏರಿದೆಯೇ ಎಂದು ಮೊದಲು ನೋಡಿ. ಹಳೆಯ ಮನೆಗಳಲ್ಲಿ ಏರಿರುತ್ತದೆ, ರಬ್ಬರ್ ಪಟ್ಟಿ ಅಲ್ಲಿ ಸಿಕ್ಕಿಕೊಳ್ಳುತ್ತದೆ, ಬ್ರಷ್ ಬಗ್ಗಿ ದಾಟುತ್ತದೆ. ಬಾಗಿಲ ಅಗಲಕ್ಕಿಂತ 3 ಮಿಲಿಮೀಟರ್ ಕಡಿಮೆ ಹ್ಯಾಕ್‌ಸಾದಲ್ಲಿ ಕತ್ತರಿಸಿ. ಬ್ರಷ್‌ನ ಕೂದಲು ನೆಲಕ್ಕೆ ತಾಗಿ ಒಂದಿಷ್ಟೇ ಬಾಗುವಂತೆ ಹಿಡಿದು, ಉದ್ದನೆಯ ತೂತಿನ ನಡುವೆ ಸ್ಕ್ರೂ ಅರ್ಧ ಮಾತ್ರ ಬಿಗಿದು, ಬಾಗಿಲನ್ನು ಪೂರ್ತಿ ತೆರೆದು ಮುಚ್ಚಿ ನೋಡಿ, ಏರಿಳಿಸಿ ಸರಿಮಾಡಿಕೊಂಡು ಆಮೇಲೆ ಗಟ್ಟಿ ಮಾಡಿ. ಹೊಸ್ತಿಲಿರುವ ಬಾಗಿಲಿಗೆ ಬ್ರಷ್‌ನ ಕೂದಲು ಹೊಸ್ತಿಲ ಮೈಗೆ ಒರಗುವಂತೆ ಬಾಗಿಲಿಗೇ ಬಡಿಯಿರಿ, ಹೊಸ್ತಿಲಿಗೆ ಮೊಳೆ ಹೊಡೆಯುವ ಪ್ರಮೇಯವೇ ಬರುವುದಿಲ್ಲ.

ಸರಿಯುವ ಕಿಟಕಿ

ಅಲ್ಯುಮಿನಿಯಂ ಅಥವಾ ಯುಪಿವಿಸಿ ಸ್ಲೈಡಿಂಗ್ ಕಿಟಕಿಯಲ್ಲಿ ಗಾಳಿ ತಡೆಯುವುದು ಅಂಚಿನ ತೋಡಿನೊಳಗೆ ಕೂತಿರುವ ಉಣ್ಣೆಯಂಥ ಬ್ರಷ್ ಪಟ್ಟಿ. ಅಂಗಡಿಯವರು ಅದನ್ನು ವೂಲ್‌ಪೈಲ್ ಎನ್ನುತ್ತಾರೆ. ಕೆಲವು ವರ್ಷಗಳಲ್ಲಿ ಧೂಳು ತುಂಬಿ ಚಪ್ಪಟೆಯಾಗುತ್ತದೆ. ಕಿಟಕಿಯ ಸರಿಯುವ ಗಾಜಿನ ಚೌಕಟ್ಟನ್ನು ಮೇಲಕ್ಕೆತ್ತಿ, ಕೆಳಭಾಗವನ್ನು ಒಳಗೆಳೆದರೆ ಹೊರಬರುತ್ತದೆ. ದೊಡ್ಡ ಗಾಜಾದರೆ ಇಬ್ಬರು ಬೇಕು, ಮೇಲಿನ ಮಹಡಿಯಾದರೆ ಕೆಲಸದವರನ್ನೇ ಕರೆಯಿರಿ. ಹಳೆಯ ಪಟ್ಟಿಯ ಒಂದಿಂಚು ತುಂಡನ್ನು ಅಲ್ಯುಮಿನಿಯಂ ಸಾಮಾನಿನ ಅಂಗಡಿಗೆ ಒಯ್ದು ಬುಡದ ಅಗಲ, ಕೂದಲ ಎತ್ತರ ಎರಡೂ ಹೊಂದುವುದನ್ನು ತನ್ನಿ. ಹಳೆಯದರ ಕೂದಲು ಸವೆದಿರುವುದರಿಂದ ಎತ್ತರಕ್ಕೆ ಒಂದು ಮಿಲಿಮೀಟರ್ ಸೇರಿಸಿಯೇ ಕೇಳಿ.

ಇಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ. ಒಂದು, ಕೆಳಗಿನ ಹಳಿಯಲ್ಲಿರುವ ಸಣ್ಣ ತೂತುಗಳಿಗೆ ಸಿಲಿಕಾನ್ ತುಂಬುವುದು. ಅವು ಮಳೆನೀರು ಹೊರಹೋಗಲು ಬಿಟ್ಟ ತೂತುಗಳು. ಮುಚ್ಚಿದರೆ ಮೊದಲ ಜಡಿಮಳೆಗೇ ನೀರು ಒಳಗಿಳಿಯುತ್ತದೆ. ಎರಡು, ಸೊಳ್ಳೆಪರದೆ ಇರುವ ಮೂರು ಹಳಿಯ ಕಿಟಕಿಯಲ್ಲಿ ಗಾಜುಗಳನ್ನು ಅರ್ಧಂಬರ್ಧ ಸರಿಸಿ ಬಿಡುವುದು. ಎರಡೂ ಗಾಜು ತಮ್ಮ ತಮ್ಮ ತುದಿಗೆ ಪೂರ್ತಿ ಹೋದಾಗಲೇ ನಡುವಿನ ಅಂಚುಗಳು ಒಂದಕ್ಕೊಂದು ಕಚ್ಚಿಕೊಳ್ಳುವುದು. ಎರಡಿಂಚು ಹಿಂದಿದ್ದರೆ ಮೇಲಿನಿಂದ ಕೆಳಗಿನವರೆಗೆ ನಡುವೆ ಸೀಳು. ಇದನ್ನು ಸರಿಮಾಡಲು ಕಾಸೂ ಬೇಡ.

ಮುಚ್ಚಬಾರದ ಕಡೆ

ಗ್ಯಾಸ್ ಗೀಸರ್ ಇರುವ ಬಚ್ಚಲಿನ ವೆಂಟಿಲೇಟರ್‌ಗೆ ಕೈ ಹಚ್ಚಲೇಬೇಡಿ, ಅಡುಗೆಮನೆಯದಕ್ಕೂ ಅಷ್ಟೆ. ಉರಿಗೆ ಗಾಳಿ ಸಾಲದಾದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತಿತೆಂದು ಗೊತ್ತಾಗುವ ಹೊತ್ತಿಗೆ ಎದ್ದು ಹೋಗುವ ಶಕ್ತಿ ಇಲ್ಲದಿರಬಹುದು. ಬಚ್ಚಲೊಲೆಯ ಕೆಂಡವನ್ನು ಅಗ್ಗಿಷ್ಟಿಕೆಗೆ ತುಂಬಿ ಮಲಗುವ ಕೋಣೆಗೆ ತರುವ ರೂಢಿ ಇನ್ನೂ ಇದೆ. ಹೊಗೆ ಬರುತ್ತಿಲ್ಲವಲ್ಲ, ಏನಾಗುತ್ತದೆ ಎನ್ನುತ್ತಾರೆ. ಹೊಗೆಯಿಲ್ಲದ ಕೆಂಡವೇ ಈ ಅನಿಲವನ್ನು ಧಾರಾಳವಾಗಿ ಬಿಡುವುದು. ಹೆಂಚಿನ ಸಂದಿನಿಂದ ಗಾಳಿ ಆಡುತ್ತಿದ್ದ ಹಳೆಯ ಮನೆಯಲ್ಲಿ ಹೇಗೋ ನಡೆದು ಹೋಗಿದ್ದು, ಸಂದು ಮುಚ್ಚಿದ ತಾರಸಿ ಮನೆಯಲ್ಲಿ ಜೀವ ತೆಗೆಯುತ್ತದೆ. ಕೆಂಡ ಜಗುಲಿಯಲ್ಲೇ ಇರಲಿ. ಮಲಗುವ ಕೋಣೆಯನ್ನೂ ಮಧ್ಯಾಹ್ನ ಹತ್ತು ನಿಮಿಷ ಪೂರ್ತಿ ತೆರೆದಿಡಿ. ಮೂರು ನಾಲ್ಕು ಜನ ಮಲಗುವುದಾದರೆ ಒಳಗಿನ ಹಜಾರದ ಕಡೆಯ ಬಾಗಿಲನ್ನು ನಾಲ್ಕು ಬೆರಳು ತೆರೆದೇ ಬಿಡಿ.

ಹಾಸಿಗೆ

ಮೇಲೆ ಮೂರು ಹೊದ್ದರೂ ನಡುಗುವವರಿಗೆ ಥಂಡಿ ಬರುತ್ತಿರುವುದು ಕೆಳಗಿನಿಂದ. ಹಳೆಯ ಹತ್ತಿ ಹಾಸಿಗೆ ಮೈಭಾರಕ್ಕೆ ಗಂಟುಕಟ್ಟಿ ಒತ್ತಿಹೋಗಿರುತ್ತದೆ, ಒಳಗೆ ಗಾಳಿಯೇ ಇರುವುದಿಲ್ಲ. ಹತ್ತಿ ಹಿಂಜಿಸಿ, ಇಲ್ಲವೇ ಹಾಸಿಗೆಯ ಮೇಲೆ ಒಂದು ಕೌದಿ ಹಾಸಿ ಅದರ ಮೇಲೆ ಬೆಡ್‌ಶೀಟ್ ಹಾಕಿ. ನೆಲದ ಮೇಲೆ ಮಲಗುವವರು ಮೊದಲು ಚಾಪೆ, ಅದರ ಮೇಲೆ ಕಂಬಳಿ, ಆಮೇಲೆ ಹಾಸಿಗೆ. ಹೊದೆಯಲು ಮೈಗೆ ಹತ್ತಿ, ಅದರ ಮೇಲೆ ಕುರಿ ಉಣ್ಣೆಯ ಕಂಬಳಿ. ಚಳ್ಳಕೆರೆ ಕಡೆಯ ಕರಿ ಕಂಬಳಿ ಚುಚ್ಚುತ್ತದೆ ನಿಜ, ಮೈಗೆ ತಾಗದಂತೆ ಮೇಲೆ ಬಂದರೆ ಅದರಷ್ಟು ಬೆಚ್ಚಗಿನದು ಅಷ್ಟು ಬೆಲೆಗೆ ಬೇರೆ ಸಿಗದು. ಪಾಲಿಯೆಸ್ಟರ್ ಮಿಂಕ್ ಹೊದಿಕೆ ಮೆತ್ತಗಿರುತ್ತದೆ, ನಡುರಾತ್ರಿ ಬೆವರಿಸಿ ಆಮೇಲೆ ಆ ಬೆವರಿನಲ್ಲೇ ತಣಿಸುತ್ತದೆ. ಮಂಚವನ್ನು ಹೊರಗೋಡೆಯಿಂದ ಒಂದು ಗೇಣು ಸರಿಸಿ.

ರಬ್ಬರಿನ ಬಿಸಿನೀರಿನ ಚೀಲ ಹೀಟರ್‌ಗಿಂತ ಎಷ್ಟೋ ಪಾಲು ಮೇಲು. ಕುದಿಯುವ ನೀರು ಬೇಡ, ಕುದಿಸಿದ ನೀರು ಐದು ನಿಮಿಷ ಆರಲಿ. ಮೂರರಲ್ಲಿ ಎರಡು ಪಾಲು ತುಂಬಿ, ಗಾಳಿ ಒತ್ತಿ ಹೊರಹಾಕಿ ಬಿರಡೆ ತಿರುಗಿಸಿ, ತಲೆಕೆಳಗು ಮಾಡಿ ಸೋರುತ್ತದೆಯೇ ನೋಡಿ, ಟವೆಲ್ ಸುತ್ತಿ ಮಲಗುವ ಕಾಲು ಗಂಟೆ ಮೊದಲು ಹಾಸಿಗೆಯ ಕಾಲಬದಿಗಿಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರು, ಚಿಕ್ಕ ಮಕ್ಕಳು ಮಲಗುವ ಮೊದಲು ಅದನ್ನು ತೆಗೆದುಬಿಡಿ. ಸ್ಪರ್ಶ ಕುಂದಿದವರಿಗೆ ಸುಟ್ಟರೂ ಬೇಗ ತಿಳಿಯದು.

ಇಷ್ಟಾದ ಮೇಲೂ ಹೀಟರ್ ಬೇಕೆಂದರೆ

ಆಯಿಲ್ ತುಂಬಿದ ರೇಡಿಯೇಟರ್ ಕರೆಂಟು ಉಳಿಸುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಕಾಯಿಲ್ ಇರಲಿ, ಆಯಿಲ್ ಇರಲಿ, ಒಂದು ಯುನಿಟ್ ಕರೆಂಟಿಗೆ ಬರುವ ಶಾಖ ಒಂದೇ. ರೇಡಿಯೇಟರ್ ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ, ಅಷ್ಟೆ. ಓದುತ್ತಲೋ ಹೊಲಿಯುತ್ತಲೋ ಒಂದೇ ಕಡೆ ಕೂರುವವರಿಗೆ 400 ವಾಟ್‌ಗೂ ಇಳಿಸಬಹುದಾದ ಕ್ವಾರ್ಟ್ಜ್ ಹೀಟರ್ ಸಾಕು, ಅದು ಗಾಳಿಯನ್ನಲ್ಲ, ಎದುರು ಕೂತವರ ಮೈಯನ್ನು ಕಾಯಿಸುತ್ತದೆ. ಪರದೆ, ಹಾಸಿಗೆಯಿಂದ ಮೂರಡಿ ದೂರ ಇಡಿ, ನಿದ್ದೆಗೆ ಮೊದಲು ಆರಿಸಿ. ಮನೆಯಲ್ಲಿ ಹಾಟ್ ಆಂಡ್ ಕೋಲ್ಡ್ ಇನ್ವರ್ಟರ್ ಏಸಿ ಇದ್ದರೆ ಬೇರೆ ಹೀಟರ್ ಕೊಳ್ಳಬೇಡಿ: ಅದು ಹೊರಗಿನ ಗಾಳಿಯ ಶಾಖವನ್ನೇ ಒಳಗೆ ತರುವುದರಿಂದ ಒಂದು ಯುನಿಟ್‌ಗೆ ಸುಮಾರು ಮೂರರಷ್ಟು ಶಾಖ ಕೊಡುತ್ತದೆ. 2000 ವಾಟ್‌ನ ಹೀಟರ್‌ಗೆ 16 ಆಂಪಿಯರ್ ಸಾಕೆಟ್ಟೇ ಬೇಕು. ಮೊಬೈಲ್ ಚಾರ್ಜರ್ ಚುಚ್ಚುವ ಎಕ್ಸ್‌ಟೆನ್ಷನ್ ಬೋರ್ಡಿಗೆ ಅದನ್ನು ಕೊಟ್ಟರೆ ಮೊದಲು ಬಿಸಿಯಾಗುವುದು ಬೋರ್ಡು. ಪ್ಲಗ್ ಮುಟ್ಟಿದಾಗ ಕೈಗೆ ಬೆಚ್ಚಗೆ ಹತ್ತಿದರೆ ಕೂಡಲೇ ಆರಿಸಿ ಎಲೆಕ್ಟ್ರಿಷಿಯನ್‌ಗೆ ತೋರಿಸಿ.