ಕೋಡಿ ಹಿಡಿದು ಸೈಕಲ್: ಬೆಂಗಳೂರಿನ ಕೆರೆ ದಾರಿಗಳು, ನನ್ನ ಅನುಭವ

ಹೋದ ಭಾನುವಾರ ಮಜೆಸ್ಟಿಕ್ಕಿನಿಂದ ಬೆಳ್ಳಂದೂರಿನವರೆಗೆ ಹನ್ನೊಂದು ಜನ ಹೊರಟೆವು. ಹನ್ನೊಂದು ಜನವೂ ತಲುಪಿದೆವು. ಊರೊಳಗೆ ಗುಂಪು ಕಟ್ಟಿಕೊಂಡು ಸೈಕಲ್ ತುಳಿದವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತು. ಮೂರು ವರ್ಷದ ಹಿಂದೆ ಇದೇ ಬೆಂಗಳೂರಲ್ಲಿ ಒಂಬತ್ತು ಜನರನ್ನು ಕರೆದುಕೊಂಡು ಹೊರಟವನು ನಾಲ್ಕು ಜನರ ಜೊತೆ ಮುಗಿಸಿದ್ದೆ. 'ಊರೊಳಗೆ ಏನಯ್ಯಾ ನೋಡೋದು, ಸುಮ್ನೆ ನಂದಿ ಬೆಟ್ಟಕ್ಕೆ ಬಾ' ಅಂದಿದ್ದರು ನಮ್ಮ ಗುಂಪಿನವರು. ಆಮೇಲೆ ಕೆರೆ ಮತ್ತು ರಾಜಕಾಲುವೆ (ಮಳೆ ನೀರು ಹರಿಯುವ ದೊಡ್ಡ ಕಾಲುವೆ) ಹಿಡಿದು ದಾರಿ ಮಾಡುತ್ತೇನೆ ಅಂದಾಗ ಇನ್ನೂ ಒಂದು ಮಾತು ಬಂತು: 'ಮೋರಿ ವಾಸನೆ ಕುಡಿಯೋಕೆ ದುಡ್ಡು ಕೊಟ್ಟು ಯಾರು ಬರ್ತಾರೆ?'

ಬಂದರು. ಈಗ ತಿಂಗಳಿಗೆ ಎರಡು ಸಲ ಬರುತ್ತಾರೆ. ಹೇಗೆ ಮಾಡಿದೆ ಅಂತ ಕೇಳುವವರು ಜಾಸ್ತಿಯಾದರು, ಅದಕ್ಕೇ ಬರೆಯುತ್ತಿದ್ದೇನೆ. ಪಂಕ್ಚರ್ ಕಿಟ್, ಫೋನಿಗೆ ಹಾಕಿಕೊಳ್ಳುವ ದಾರಿಯ ಜಿಪಿಎಕ್ಸ್ ಫೈಲ್, ಹಿಂದೆ ಒಬ್ಬ ಮುಂದೆ ಒಬ್ಬ ಅನ್ನುವುದೆಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಟ್ಟುಬಿಡುತ್ತೇನೆ.

ಮೊದಲು ಮಾಡಿದ್ದು ಕೆಂಪೇಗೌಡರ ಹೆಸರಿನ ನಾಲ್ಕು ಗೋಪುರಗಳ ದಾರಿ. ಲಾಲ್‌ಬಾಗ್ ಬಂಡೆ, ಕೆಂಪಾಂಬುಧಿ ಕೆರೆ, ಹಲಸೂರು ಕೆರೆ, ಮೇಖ್ರಿ ಸರ್ಕಲ್. ಎಲ್ಲರೂ ಮೊದಲು ಇದನ್ನೇ ಯೋಚಿಸುತ್ತಾರೆ, ಅಲ್ವಾ? ನಕ್ಷೆಯಲ್ಲಿ ನೋಡಿದರೆ ಚೆನ್ನಾಗಿಯೇ ಇದೆ. ತುಳಿದಾಗ ಗೊತ್ತಾಯಿತು, ಒಂದು ಗೋಪುರದಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಹೇಳಲು ಕಥೆಯೇ ಇಲ್ಲ. ಬರೀ ಸಿಗ್ನಲ್, ಬಸ್ಸು, ಮೇಲ್ಸೇತುವೆ. ಗೋಪುರದ ಮುಂದೆ ಐದು ನಿಮಿಷ ನಿಂತು ಫೋಟೊ ತೆಗೆದು ಮತ್ತೆ ನಲವತ್ತು ನಿಮಿಷ ಹೊಗೆ. ಐದು ಜನ ಹಲಸೂರಿನಲ್ಲೇ ಮೆಟ್ರೋ ಕಡೆ ನೋಡಿದರು. ಅದರಲ್ಲೂ ಮಡಚುವ ಸೈಕಲ್ ಇದ್ದವನಿಗೆ ಮಾತ್ರ ಮೆಟ್ರೋ, ಉಳಿದವರು ಆಟೊದವರ ಜೊತೆ ಚೌಕಾಸಿಗೆ ನಿಂತರು.

ಎರಡನೆಯದು ಪೇಟೆ ದಾರಿ. ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆ, ಕುಂಬಾರಪೇಟೆ. ಹೆಸರಲ್ಲೇ ಕಸುಬು ಇದೆ, ಇದಕ್ಕಿಂತ ಒಳ್ಳೆಯ ವಿಷಯ ಇಲ್ಲ. ಆದರೆ ಅಲ್ಲಿ ಸೈಕಲ್ ತಳ್ಳಿಕೊಂಡು ಹೋಗಬೇಕು. ಅದು ನಡೆಯುವವರ ಜಾಗ, ಒಪ್ಪಿಕೊಂಡು ಬಿಟ್ಟೆ.

ಮೂರನೆಯದು ಶಾಸನ ದಾರಿ. ಇದು ನನಗೆ ಇವತ್ತಿಗೂ ಪ್ರೀತಿ. ಉತ್ತರಕ್ಕೆ ಹೆಬ್ಬಾಳದ ಕಿಟ್ಟಯ್ಯನ ವೀರಗಲ್ಲು, ಸುಮಾರು 750ರದು. ದಕ್ಷಿಣಕ್ಕೆ ಬೇಗೂರಿನ ನಾಗೇಶ್ವರ ದೇವಸ್ಥಾನದ ಕಲ್ಲು, ಸುಮಾರು 890ರದು, 'ಬೆಂಗಳೂರು ಕಾಳಗ' ಅಂತ ಊರಿನ ಹೆಸರು ಇರುವುದು ಅದರಲ್ಲೇ. ಬಿ.ಎಲ್. ರೈಸ್ 1905ರಲ್ಲಿ ತಂದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟ ಹಿಡಿದು ರಾತ್ರಿಯೆಲ್ಲ ಕೂತು ಎಂಟು ನಿಲ್ದಾಣ ಗುರುತು ಮಾಡಿದ್ದೆ. ಒಟ್ಟು ಮೂವತ್ತು ಕಿಲೋಮೀಟರ್ ಹತ್ತಿರ. ಕೊನೆಯ ಎಂಟು ಹತ್ತು ಕಿಲೋಮೀಟರ್ ಹೊಸೂರು ರಸ್ತೆ ಕಡೆಯ ಲಾರಿಗಳ ಮಧ್ಯೆ. ಒಬ್ಬ ಹುಡುಗ ಗುಂಡಿಗೆ ಬಿದ್ದ. ಮೊಣಕೈ ತರಚಿತು ಅಷ್ಟೆ, ಆದರೆ ನನ್ನ ಎದೆ ಅವತ್ತು ಸಂಜೆಯವರೆಗೂ ಹೊಡೆದುಕೊಳ್ಳುತ್ತಿತ್ತು. ಅಲ್ಲಿಗೆ ಆ ದಾರಿ ಮುಗಿಯಿತು.

ದುಡ್ಡಿನ ಲೆಕ್ಕ ಹೇಳಲೇಬೇಕು, ಯಾಕೆಂದರೆ ಇದನ್ನು ಯಾರೂ ಹೇಳುವುದಿಲ್ಲ. ಬಾಡಿಗೆ ಸೈಕಲ್ ಒಂದಕ್ಕೆ ದಿನಕ್ಕೆ ನಾನೂರು, ಮುಂಗಡ ಬೇರೆ. ಆ ಗುಂಡಿಯಲ್ಲಿ ಡೊಂಕಾದ ರಿಮ್ಮಿಗೆ ಎರಡು ಸಾವಿರದ ಎಂಟುನೂರು ಕೊಟ್ಟೆ. ಬಣ್ಣದ ನಕ್ಷೆ ಅಂತ ಐನೂರು ಪ್ರತಿ ಮುದ್ರಣ ಮಾಡಿಸಿದೆ, ಆರೂವರೆ ಸಾವಿರ. ಅದರಲ್ಲಿ ನಾನೂರೈವತ್ತು ಈಗಲೂ ಅಟ್ಟದ ಮೇಲಿವೆ. ಎಲ್ಲ ಸೇರಿ ಮೊದಲ ವರ್ಷ ಇಪ್ಪತ್ತೆಂಟು ಸಾವಿರದ ಆಸುಪಾಸು ಕೈ ಬಿಟ್ಟಿತು. ಮನೆಯಲ್ಲಿ ಕೇಳಿದಾಗ ಹನ್ನೆರಡು ಅಂದಿದ್ದೆ.

ದಾರಿ ಸಿಕ್ಕಿದ್ದು ಮಜೆಸ್ಟಿಕ್ ಪಕ್ಕದ ಟ್ಯಾಂಕ್ ಬಂಡ್ ರಸ್ತೆಯಲ್ಲಿ. ಸೆಪ್ಟೆಂಬರ್ ತಿಂಗಳ ಒಂದು ಸಂಜೆ, ಒಂದು ಗಂಟೆ ಜೋರು ಮಳೆ ಬಂದು ನಿಂತಿತ್ತು. ಚೈನ್ ಕಳಚಿತು ಅಂತ ಪಕ್ಕಕ್ಕೆ ನಿಂತೆ. ಕೈಗೆಲ್ಲ ಗ್ರೀಸ್. ತಲೆ ಎತ್ತಿದರೆ ಬೋರ್ಡು ಕಾಣಿಸಿತು. ನೂರು ಸಲ ಓದಿದ ಬೋರ್ಡು, ಅವತ್ತೇ ಅದರ ಅರ್ಥ ತಲೆಗೆ ಹೋಗಿದ್ದು. ಟ್ಯಾಂಕ್ ಬಂಡ್ ಅಂದರೆ ಕೆರೆ ಏರಿ. ಹಾಗಾದರೆ ಕೆರೆ ಎಲ್ಲಿ? ಧರ್ಮಾಂಬುಧಿ ಕೆರೆ. ಅದರ ಅಂಗಳದಲ್ಲೇ ಈಗ ಬಸ್ ನಿಲ್ದಾಣ. ಅಷ್ಟು ಹೊತ್ತಿಗೆ ಮಳೆ ನೀರು ರಸ್ತೆ ಬದಿಯಲ್ಲಿ ಒಂದೇ ಕಡೆಗೆ, ಅವಸರದಲ್ಲಿ ಇರುವ ಹಾಗೆ ಹರಿಯುತ್ತಿತ್ತು. ಮೇಲೆ ಕಾಗದದ ಲೋಟ, ಚೆಂಡುಹೂವಿನ ಎಸಳು. ಚೈನ್ ಹಾಕಿಕೊಂಡು ಆ ಹೂವಿನ ಹಿಂದೆ ಹೊರಟೆ. ಪೆಡಲ್ ತುಳಿಯಲಿಲ್ಲ. ಸೈಕಲ್ ತಾನಾಗಿ ಎಲ್ಲಿಗೆ ಉರುಳುತ್ತದೋ ನೀರು ಅಲ್ಲಿಗೇ ಹೋಗುತ್ತಿತ್ತು.

ನನ್ನ ಇಡೀ ಪದ್ಧತಿ ಇಷ್ಟೇ. ಕಾರಿನಲ್ಲಿ ಕೂತವನಿಗೆ ಇಳಿಜಾರು ಗೊತ್ತಾಗುವುದಿಲ್ಲ. ನಡೆಯುವವನಿಗೆ ಸ್ವಲ್ಪ ಗೊತ್ತಾಗುತ್ತದೆ. ಸೈಕಲ್ಲಿನವನ ತೊಡೆಗೆ ಒಂದು ಮೀಟರ್ ಏರಿಳಿತವೂ ಗೊತ್ತಾಗುತ್ತದೆ. ನಮ್ಮ ಕೆರೆಗಳು ಸರಪಳಿ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ, ಅಂದರೆ ಹೆಚ್ಚಾದ ನೀರು ಹೊರಹೋಗುವ ಬಾಯಿಂದ ಹರಿದರೆ, ಆ ನೀರು ಕಾಲುವೆಯಲ್ಲಿ ಕೆಳಗಿನ ಕೆರೆಗೆ. ಹಾಗಾಗಿ ಕೋಡಿಯಿಂದ ಕೋಡಿಗೆ ದಾರಿ ಹಾಕಿದರೆ ಇಳಿಜಾರು ತಾನಾಗಿ ಸಿಗುತ್ತದೆ, ಅಭ್ಯಾಸ ಇಲ್ಲದವರೂ ಸುಸ್ತಾಗುವುದಿಲ್ಲ, ಗೋಪುರದ ದಾರಿಯಲ್ಲಿ ಇಲ್ಲದ ಕಥೆ ಇಲ್ಲಿ ಗಾಲಿಯ ಕೆಳಗೇ ಇರುತ್ತದೆ.

ಊರಿನ ನೆತ್ತಿಯಲ್ಲಿ ಒಂದು ಏಣು, ಅಂದರೆ ಉದ್ದನೆಯ ದಿಣ್ಣೆ, ಇದೆ. ಅದರ ಎರಡು ಕಡೆಗೆ ಮೂರು ಕಣಿವೆ: ಹೆಬ್ಬಾಳ, ಕೋರಮಂಗಲ ಚಲ್ಲಘಟ್ಟ, ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಕಡೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿ ಹಿಡಿದು ಕಾವೇರಿಗೆ ಹೋಗುತ್ತದೆ. ಒಂದೂವರೆ ಕಿಲೋಮೀಟರ್ ಆಚೆ ಲಾಲ್‌ಬಾಗ್ ಕೆರೆಗೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ. ಈ ಎರಡರ ಮಧ್ಯೆ ಸೈಕಲ್ ತುಳಿಸಿ, ಏಣು ದಾಟಿದ ಕಡೆ ಗೇರ್ ಬದಲಾಯಿಸಬೇಕಾಗುತ್ತದೆ, ಅದು ಯಾವ ಅಂಗಡಿ ಮುಂದೆ ಅಂತ ಗುರುತು ಹಾಕಿ ಅನ್ನುತ್ತೇನೆ. ಎಲ್ಲರೂ ಸರಿಸುಮಾರು ಒಂದೇ ಕಡೆ ಕೈ ತೋರಿಸುತ್ತಾರೆ. ಆ ಹೊತ್ತಿನ ಅವರ ಮುಖ ನೋಡಬೇಕು.

ಕೋರಮಂಗಲ ಕಣಿವೆಯ ದಾರಿಯೇ ನನ್ನ ದೊಡ್ಡ ದಾರಿ. ಧರ್ಮಾಂಬುಧಿಯಿಂದ ಸಿದ್ದಿಕಟ್ಟೆ, ಅಂದರೆ ಈಗಿನ ಕೆ.ಆರ್. ಮಾರ್ಕೆಟ್. ಸ್ವಲ್ಪ ಬಳಸಿ ಸಂಪಂಗಿ ಕೆರೆ, ಈಗಿನ ಕಂಠೀರವ ಕ್ರೀಡಾಂಗಣ. ಪಕ್ಕದಲ್ಲಿ ಒಂದು ಚಿಕ್ಕ ಕೊಳ ಉಳಿದಿದೆ. ಕರಗದ ಪೂಜೆ ಇರುವುದರಿಂದಲೇ ಅದು ಉಳಿಯಿತು ಅನ್ನುವುದು ನನ್ನ ನಂಬಿಕೆ. ಆಮೇಲೆ ಶೂಲೆ ಕೆರೆ, ಈಗ ಫುಟ್‌ಬಾಲ್ ಕ್ರೀಡಾಂಗಣ. ಅಕ್ಕಿತಿಮ್ಮನಹಳ್ಳಿ ಕೆರೆ, ಈಗ ಹಾಕಿ ಕ್ರೀಡಾಂಗಣ. ಮೂರು ಕ್ರೀಡಾಂಗಣ, ಮೂರು ಕೆರೆ! ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಒಂದು ಬಟ್ಟಲಿನಿಂದ ಇನ್ನೊಂದು ಬಟ್ಟಲಿಗೆ ಇಳಿದು ಬಂದವರು ಮರೆಯುವುದಿಲ್ಲ. ಕೋರಮಂಗಲದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕಟ್ಟಿದ ಮನೆಗಳಿರುವುದೂ ಕೆರೆ ಅಂಗಳವೇ. ಅಲ್ಲಿಂದ ಬೆಳ್ಳಂದೂರು. ಕೆ-100 ಅಂತ ರಾಜಕಾಲುವೆ ಪಕ್ಕ ಮಾಡಿದ ನಡೆದಾಡುವ ದಾರಿ ಈ ಕಣಿವೆಯಲ್ಲೇ ಇದೆ, ಅಲ್ಲಿ ಸೈಕಲ್ ಇಳಿದು ತಳ್ಳುತ್ತೇವೆ. ಒಟ್ಟು ಹದಿನಾಲ್ಕು ಕಿಲೋಮೀಟರ್ ಇರಬಹುದು. ಇಳಿಯುವುದು ಮೂವತ್ತು ಮೀಟರ್ ಆಸುಪಾಸು.

ಯಾಕೆ ಕೆರೆಗಳನ್ನು ಮುಚ್ಚಿದರು ಅಂತ ಎಲ್ಲರೂ ಕೇಳುತ್ತಾರೆ. ನಾನು ಉಪನ್ಯಾಸ ಮಾಡುವುದಿಲ್ಲ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿ. ನಲ್ಲಿ ಮನೆಗೆ ಬಂದ ಮೇಲೆ ಕೆರೆ ಬರೀ ಜಾಗ ಆಯಿತು. ಇಷ್ಟು ಹೇಳಿ ಮುಂದೆ ತುಳಿಯುತ್ತೇನೆ.

ಕಾಲುವೆ ಹುಡುಕುವುದು ಹೇಗೆ? ಗೂಗಲ್ ನಕ್ಷೆ ನಂಬಬೇಡಿ, ಅದರಲ್ಲಿ ಅರ್ಧ ಕಾಲುವೆ ಇಲ್ಲ. ನಾನು ಹಳೆಯ ಗ್ರಾಮ ನಕ್ಷೆಗಳನ್ನು ಇಳಿಸಿಕೊಂಡು, ಫೋನಿನಲ್ಲಿ ದಿಶಾಂಕ್ ಅನ್ನುವ ಸರ್ವೆ ನಕ್ಷೆಯ ಆ್ಯಪ್ ಹಾಕಿಕೊಂಡು, ನಿಂತ ಜಾಗದ ಸರ್ವೆ ನಂಬರ್ ನೋಡಿಕೊಂಡು ಹೊಂದಿಸುತ್ತೇನೆ. ಒಂದು ದಾರಿಗೆ ಆರೇಳು ಬೆಳಗ್ಗೆ ಬೇಕಾಯಿತು. ಹೆಸರುಗಳೂ ದಾರಿ ತೋರಿಸುತ್ತವೆ. ಮಿಲ್ಲರ್ಸ್ ಟ್ಯಾಂಕ್ ಬಂಡ್ ರಸ್ತೆ, ಹೊಸಕೆರೆಹಳ್ಳಿ ಹತ್ತಿರದ ಕೆರೆಕೋಡಿ, 'ಸಂದ್ರ' ಅಂತ ಮುಗಿಯುವ ಊರುಗಳು (ಸಂದ್ರ ಅಂದರೆ ಸಮುದ್ರ, ಕೆರೆಯೇ). ಬಡಾವಣೆಯೊಳಗೆ ರಸ್ತೆ ಸುಮ್ನೆ ಎದ್ದು ಒಂದು ಕಡೆ ಸ್ವಲ್ಪ, ಇನ್ನೊಂದು ಕಡೆ ಜಾಸ್ತಿ ಇಳಿದರೆ ನಿಲ್ಲಿಸಿ ನೋಡಿ. ಬಹಳ ಸಲ ಅದು ಹಳೆಯ ಏರಿ. ಇದರ ಜೊತೆ ಇನ್ನೊಂದು ಗುರುತು ಇದೆ, ಹತ್ತರಲ್ಲಿ ಎಂಟು ಸಲ ಸರಿಯಾಗುತ್ತದೆ, ಅದನ್ನು ಈಗ ಹೇಳುವುದಿಲ್ಲ. ನನ್ನ ಜೊತೆ ಬಂದವರಿಗೆ ತೋರಿಸುತ್ತೇನೆ.

ಜಕ್ಕೂರಿನ ಏರಿ ಮೇಲೆ ಒಂದು ಬೆಳಗ್ಗೆ ನಕ್ಷೆ ಹಿಡಿದು ನಿಂತಿದ್ದೆ. ಸೊಪ್ಪಿನ ಮಂಕರಿ ಹೊತ್ತ ಅಜ್ಜಿಯೊಬ್ಬರು ನಿಂತು 'ಏನಪ್ಪಾ ಕಳಕೊಂಡೆ?' ಅಂದರು. 'ಏನೂ ಇಲ್ಲಜ್ಜಿ, ಈ ಕೆರೆ ನೀರು ಎಲ್ಲಿಗೆ ಹೋಗುತ್ತೆ ಅಂತ ಹುಡುಕ್ತಿದ್ದೀನಿ' ಅಂದೆ. 'ರಾಚೇನಹಳ್ಳಿಗೆ ಕಣಪ್ಪ, ಇನ್ನೆಲ್ಲಿಗೆ ಹೋಗುತ್ತೆ' ಅಂತ ಹೇಳಿ, ಹುಲ್ಲಿನ ಮಧ್ಯೆ ತೂಬಿನ (ಕೆರೆ ನೀರು ಬಿಡುವ ಕಿಂಡಿಯ) ಕಲ್ಲು ಎಲ್ಲಿದೆ ಅಂತ ಕಾಲಿನಿಂದಲೇ ತೋರಿಸಿದರು. ಎರಡು ವಾರ ಹುಡುಕಿದ್ದೆ ಅದನ್ನು. ಅಂದಿನಿಂದ ಪ್ರತಿ ದಾರಿಗೂ ಮೊದಲು ಆ ಊರಿನ ಹಿರಿಯರೊಬ್ಬರ ಜೊತೆ ಅರ್ಧ ಗಂಟೆ ಮಾತಾಡುತ್ತೇನೆ.

ಇಳಿದವರು ಹತ್ತಬೇಕಲ್ಲ. ಇದು ನನ್ನ ದೊಡ್ಡ ತಪ್ಪು. ಮೊದಲ ಮೂರು ಸಲ ಬೆಳಗ್ಗೆ ಖುಷಿಯಾಗಿ ಇಳಿದು, ಹತ್ತು ಗಂಟೆ ಬಿಸಿಲಲ್ಲಿ, ಟ್ರಾಫಿಕ್ಕಲ್ಲಿ, ಏರುಮುಖವಾಗಿ ವಾಪಸ್. ಇಬ್ಬರು ಮತ್ತೆ ಬರಲೇ ಇಲ್ಲ. ಈಗ ಕೆಳಗಿನ ಕೆರೆ ಹತ್ತಿರ ಒಂದು ಟಾಟಾ ಏಸ್ ನಿಂತಿರುತ್ತದೆ. ಬಾಡಿಗೆ ಸಾವಿರದ ನಾನೂರು. ಸೈಕಲ್ ಗಾಡಿಯಲ್ಲಿ, ಜನ ಬಸ್ಸಿನಲ್ಲಿ. ಗೀರು ಬೀಳದ ಹಾಗೆ ಹನ್ನೆರಡು ಸೈಕಲ್ ಅದರಲ್ಲಿ ಹಿಡಿಸುತ್ತೇನೆ, ಗಾಡಿಯವನೇ ನಂಬಲಿಲ್ಲ. ಮುಂದಿನ ಚಕ್ರ ಬಿಚ್ಚಬೇಕು, ಗೋಣಿಚೀಲ ಬೇಕು, ಜೋಡಿಸುವ ಕ್ರಮ ನನ್ನ ಹತ್ತಿರವೇ ಇರಲಿ. ತಲೆಗೆ ಮುನ್ನೂರೈವತ್ತು ತೆಗೆದುಕೊಳ್ಳುತ್ತೇನೆ, ಹನ್ನೆರಡು ಜನಕ್ಕಿಂತ ಜಾಸ್ತಿ ಇಲ್ಲ. ಗಾಡಿ, ಕಾಫಿ, ಟ್ಯೂಬು ಕಳೆದು ಒಂದು ಸಲಕ್ಕೆ ಎರಡು ಸಾವಿರದ ಮೇಲೆ ಉಳಿಯುತ್ತದೆ. ಆ ಇಪ್ಪತ್ತೆಂಟು ಸಾವಿರ ಹೋದ ದೀಪಾವಳಿಗೆ ತೀರಿತು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. 28 ಮಿಲಿಮೀಟರ್ ಅಗಲದ ಟೈರಿನಿಂದ 38ಕ್ಕೆ ಬಂದು, ಗಾಳಿಯನ್ನು ತೊಂಬತ್ತರಿಂದ ಐವತ್ತು ಪಿಎಸ್‌ಐಗೆ ಇಳಿಸಿದ ಮೇಲೆ ಕಾಲುವೆ ಪಕ್ಕದ ಚಪ್ಪಡಿ ಕಲ್ಲುಗಳ ಮೇಲೆ ಪಂಕ್ಚರ್ ಅರ್ಧಕ್ಕರ್ಧ ಕಡಿಮೆಯಾಯಿತು. ವಾಸನೆಯ ನಕ್ಷೆ ಅಂತ ಒಂದು ಮಾಡಿದೆ, ಸೊನ್ನೆಯಿಂದ ಐದು ಅಂಕ. ಮಳೆ ಬಂದ ಮರುದಿನ ಬೆಳಗ್ಗೆ ಏಳರೊಳಗೆ ಎರಡು, ಅದೇ ಜಾಗ ಏಪ್ರಿಲ್‌ನಲ್ಲಿ ಹತ್ತು ಗಂಟೆಗೆ ಐದು. ಆ ಅಂಕ ನೋಡಿಯೇ ಈಗ ಆರೂ ಕಾಲಿಗೆ ಹೊರಡುವುದು. 'ಮೋರಿ ವಾಸನೆ' ಅಂದವರಿಗೆ ಅದೇ ನನ್ನ ಉತ್ತರ. ಒಮ್ಮೆ ಹುಣ್ಣಿಮೆ ರಾತ್ರಿ ಹೋದೆವು. ಬೀದಿ ನಾಯಿಗಳು ಬಿಡಲಿಲ್ಲ, ಮತ್ತೆ ಮಾಡಲಿಲ್ಲ.

ವೃಷಭಾವತಿ ಮಾತ್ರ ಇನ್ನೂ ಕೈಗೆ ಬಂದಿಲ್ಲ. ಬಸವನಗುಡಿಯಿಂದ ಕೆಂಪಾಂಬುಧಿ, ಗಾಳಿ ಆಂಜನೇಯ ದೇವಸ್ಥಾನದವರೆಗೆ ಚೆನ್ನಾಗಿದೆ. ಅಲ್ಲಿಂದ ಕೆಂಗೇರಿವರೆಗೆ ಮೈಸೂರು ರಸ್ತೆಯನ್ನೇ ಹಿಡಿಯಬೇಕು, ಗುಂಪಿಗೆ ಅದು ಬೇಡ. ಒಳದಾರಿ ಹುಡುಕುತ್ತಿದ್ದೇನೆ, ನಾಲ್ಕು ಸಲ ಹೋಗಿ ನಾಲ್ಕು ಸಲವೂ ಕಾಂಪೌಂಡ್ ಗೋಡೆಗೆ ಬಂದು ನಿಂತಿದ್ದೇನೆ.

ಬಿಟ್ಟಿದ್ದ ಶಾಸನ ದಾರಿ ಮಾತ್ರ ಬೇರೆ ರೂಪದಲ್ಲಿ ವಾಪಸ್ ಬಂದಿದೆ. ಹುಳಿಮಾವು, ಮಡಿವಾಳ, ಅಗರ, ಈ ಮೂರೂ ಒಂದೇ ಸರಪಳಿ. ಅಗರದ 870ರ ಸುಮಾರಿನ ಶಾಸನ ಕೆರೆಗೆ ತೂಬು ಇಡಿಸಿದ ವಿಷಯವನ್ನೇ ಹೇಳುತ್ತದೆ. ಲಾರಿ ರಸ್ತೆ ಹಿಡಿಯದೆ, ನೀರಿನ ಜೊತೆ ಇಳಿದು ಆ ಊರಿಗೆ ಹೋಗಿ ನಿಲ್ಲಬಹುದು. ಎರಡು ಸಲ ಒಬ್ಬನೇ ತುಳಿದು ನೋಡಿದ್ದೇನೆ, ಹನ್ನೆರಡು ಕಿಲೋಮೀಟರ್ ಒಳಗೇ ಮುಗಿಯುತ್ತದೆ. ಜೂನ್‌ನಲ್ಲಿ ನಾಲ್ಕು ಮಳೆ ಬಿದ್ದ ಮೇಲೆ ಗುಂಪಿನ ಜೊತೆ ಮೊದಲ ಸಲ ಹೊರಡುತ್ತೇವೆ. ಟಾಟಾ ಏಸ್‌ಗೆ ಮುಂಗಡ ಕೊಟ್ಟಾಗಿದೆ. ಮೋರಿ ವಾಸನೆ ಅಂದಿದ್ದ ಗೆಳೆಯ ಮೊದಲ ಹೆಸರು ಬರೆಸಿದ್ದಾನೆ, ಹತ್ತು ಜಾಗ ತುಂಬಿದೆ, ಇನ್ನೆರಡು ಉಳಿದಿದೆ.